ಮೂವತ್ತಾರು ಗಂಟೆಯಾದರೂ ನೊರೆ ಏಳದ ಬಿಯರ್

ಜನವರಿಯ ಒಂದು ಶನಿವಾರ ಸಂಜೆ ಹತ್ತೊಂಬತ್ತು ಲೀಟರ್ ಪೇಲ್ ಏಲ್ ಎಂಬ ಬಗೆಯ ಬಿಯರಿಗೆ ಯೀಸ್ಟ್ ಹಾಕಿ ಬಕೆಟ್ಟಿನ ಮುಚ್ಚಳ ಬಿಗಿದೆ. ಸೋಮವಾರ ಬೆಳಿಗ್ಗೆ ನೆಲಮಾಳಿಗೆಗೆ ಇಳಿದು ನೋಡಿದರೆ, ಒಳಗಿನ ಅನಿಲವನ್ನು ಗುಳ್ಳೆಯಾಗಿ ಹೊರಬಿಡುವ ಏರ್‌ಲಾಕಿನ ನೀರು ಕದಲಿರಲಿಲ್ಲ. ಒಂದು ಗುಳ್ಳೆಯೂ ಇಲ್ಲ. ಇಡೀ ಶನಿವಾರದ ದುಡಿಮೆ ಆ ಬಕೆಟ್ಟಿನಲ್ಲಿತ್ತು, ಎದೆ ಹೊಡೆದುಕೊಂಡಿತು.

ನಾನಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ. ಇಲ್ಲಿ ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು 1978ರ ಕಾನೂನು ದಾರಿ ಮಾಡಿಕೊಟ್ಟಿದೆ. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮಾಡುವಂತಿಲ್ಲ, ಊರಿನಲ್ಲಿರುವವರು ಇದನ್ನು ನೆನಪಿನಲ್ಲಿಡಬೇಕು.

ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬದಿದ್ದರೆ ಅಮ್ಮ ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸಿ ಇನ್ನಷ್ಟು ಹೊತ್ತು ಬಿಡುತ್ತಿದ್ದರು. ಬಿಯರಿಗೆ ಆ ನೆಮ್ಮದಿಯಿಲ್ಲ. ಹಿಟ್ಟನ್ನು ಹುಳಿ ಬರಿಸುವ ಬ್ಯಾಕ್ಟೀರಿಯಾ ಉದ್ದಿನ ಜೊತೆಯಲ್ಲೇ ಬಂದಿರುತ್ತವೆ. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ರಸವನ್ನಾದರೋ ನಾವು ಒಂದು ಗಂಟೆ ಕುದಿಸಿ ಎಲ್ಲವನ್ನೂ ಕೊಂದಿರುತ್ತೇವೆ. ಆಮೇಲೆ ಹಾಕಿದ ಯೀಸ್ಟ್ ಬೇಗ ಬೇರೂರದಿದ್ದರೆ ಆ ಸಿಹಿ ರಸ ಕಾವಲಿಲ್ಲದ ಹೊಲ. ಗಾಳಿಯಿಂದಲೋ ಪಾತ್ರೆಯಿಂದಲೋ ಬಂದ ಬ್ಯಾಕ್ಟೀರಿಯಾ ಮೊದಲು ಮೇಯುತ್ತವೆ, ಬಿಯರಿಗೆ ಬೇಯಿಸಿದ ತರಕಾರಿಯ ವಾಸನೆ ಬಂದುಬಿಡುತ್ತದೆ.

ಆದರೂ ಗಾಬರಿಯಲ್ಲಿ ಮತ್ತೊಂದು ಪೊಟ್ಟಣ ಸುರಿಯಲಿಲ್ಲ. ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಸುಮ್ಮನಿರುವುದು ಯೀಸ್ಟಿನ ಸಹಜ ಗುಣ, ಕೆಲವೊಮ್ಮೆ ಎರಡು ಮೂರು ದಿನವೂ ಹಿಡಿಯುತ್ತದೆ. ಸೋಂಕುನಿವಾರಕದಲ್ಲಿ ಅದ್ದಿದ ಕೊಳವೆಯಿಂದ ಸ್ವಲ್ಪ ರಸ ತೆಗೆದೆ. ಬಣ್ಣ ತಿಳಿ ಬೆಲ್ಲದ ನೀರಿನಂತೆ, ವಾಸನೆ ಶುದ್ಧ ಮಾಲ್ಟಿನದು. ಬಕೆಟ್ಟಿನ ಮೇಲ್ಮೈಯಲ್ಲಿ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಹಸಿರು ಚೂರುಗಳು ಮಾತ್ರ ತೇಲುತ್ತಿದ್ದವು. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನು ಇಳಿಸಿ, ಅದು ಅಲುಗಾಡುವುದು ನಿಂತ ಮೇಲೆ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದೆ: 1.052. ಯೀಸ್ಟ್ ಸಕ್ಕರೆ ತಿಂದಂತೆ ಇಳಿಯಬೇಕಾದ ಈ ಅಂಕಿ ಶನಿವಾರವೂ ಅಷ್ಟೇ ಇತ್ತು. ಸಕ್ಕರೆಯನ್ನು ಯಾರೂ ಮುಟ್ಟಿರಲಿಲ್ಲ.

ಕಾರಣ ಹುಡುಕಿದಾಗ ಒಂದಲ್ಲ, ಮೂರು ಸಿಕ್ಕವು. ಬಕೆಟ್ಟು ಕೂತಿದ್ದದ್ದು ಬರಿಯ ಕಾಂಕ್ರೀಟ್ ನೆಲದ ಮೇಲೆ. ರಸದ ಉಷ್ಣಾಂಶ 13 ಡಿಗ್ರಿ ಸೆಲ್ಸಿಯಸ್. ಆ ಯೀಸ್ಟಿಗೆ ಬೇಕಿದ್ದದ್ದು 18ರಿಂದ 22. ಎರಡನೆಯದು, ದ್ರವರೂಪದ ಆ ಯೀಸ್ಟ್ ತಯಾರಾಗಿ ನಾಲ್ಕು ತಿಂಗಳು ಕಳೆದಿತ್ತು. ಏಲ್‌ಗೆ ಪ್ರತಿ ಮಿಲಿಲೀಟರಿಗೆ, ಪ್ರತಿ ಪ್ಲಾಟೋ ಡಿಗ್ರಿಗೆ (ರಸದಲ್ಲಿ ಸಕ್ಕರೆ ನೂರಕ್ಕೆ ಎಷ್ಟು ಪಾಲು ಎಂಬ ಅಳತೆ) ಏಳೂವರೆ ಲಕ್ಷ ಜೀವಕೋಶಗಳೆಂಬ ಲೆಕ್ಕವಿದೆ. ನನ್ನ ಬಕೆಟ್ಟಿಗೆ ಸುಮಾರು ಹದಿನೆಂಟು ಸಾವಿರ ಕೋಟಿ ಬೇಕಿತ್ತು. ಹೊಸ ಪೊಟ್ಟಣದಲ್ಲೇ ಹತ್ತು ಸಾವಿರ ಕೋಟಿಯ ಆಸುಪಾಸು ಇರುತ್ತವೆ, ಹಳೆಯದಾದಂತೆ ಅವೂ ಸಾಯುತ್ತಾ ಹೋಗುತ್ತವೆ. ಮೂರನೆಯದು ಆಮ್ಲಜನಕ. ಕುದಿಸಿದ ರಸದಲ್ಲಿ ಅದು ಉಳಿದಿರುವುದಿಲ್ಲ, ಯೀಸ್ಟ್ ತನ್ನ ಕೋಶದ ಪೊರೆ ಕಟ್ಟಿಕೊಂಡು ಮರಿ ಹಾಕಲು ಅದು ಬೇಕೇ ಬೇಕು. ನಾನು ರಸವನ್ನು ಎತ್ತರದಿಂದ ಸುರಿಯದೆ ಪೈಪಿನಿಂದ ಸದ್ದಿಲ್ಲದೆ ಇಳಿಸಿದ್ದೆ.

ಬಕೆಟ್ಟನ್ನು ಮೇಲಿನ ಕೋಣೆಗೆ ಹೊತ್ತು ತಂದು ಮರದ ಸ್ಟೂಲಿನ ಮೇಲಿಟ್ಟೆ, ಕಂಬಳಿ ಸುತ್ತಿದೆ, ಎರಡೂ ಕೈಯಿಂದ ಹಿಡಿದು ಚೆನ್ನಾಗಿ ಕುಲುಕಿದೆ. ಹುದುಗು ಶುರುವಾಗಿರದ್ದರಿಂದ ಕುಲುಕುವ ಧೈರ್ಯ ಮಾಡಿದೆ. ಶುರುವಾದ ಮೇಲೆ ಹಾಗೆ ಗಾಳಿ ಸೇರಿಸಿದರೆ ಬಿಯರಿಗೆ ಒದ್ದೆ ರಟ್ಟಿನ ರುಚಿ ಬರುತ್ತದೆ. ರಾತ್ರಿಯ ಹೊತ್ತಿಗೆ ರಸ 19 ಡಿಗ್ರಿಗೆ ಬಂತು, ಹೈಡ್ರೋಮೀಟರ್ ಮಾತ್ರ 1.052 ಬಿಟ್ಟು ಕದಲಲಿಲ್ಲ. ನಲವತ್ತೆಂಟು ಗಂಟೆಯಾಗಿತ್ತು. ಬೆಚ್ಚಗಾದರೂ ಏಳದ ಯೀಸ್ಟನ್ನು ಇನ್ನು ನಂಬುವುದು ಬೇಡವೆಂದು 11.5 ಗ್ರಾಮಿನ ಒಣ ಯೀಸ್ಟ್ ಪೊಟ್ಟಣ ಒಡೆದು ಮೇಲೆ ಉದುರಿಸಿದೆ. ಮರುದಿನ ಬೆಳಿಗ್ಗೆ ಮುಚ್ಚಳದಡಿ ಕೆನೆಬಣ್ಣದ ನೊರೆ ಎರಡು ಬೆರಳು ದಪ್ಪಕ್ಕೆ ಕಟ್ಟಿತ್ತು, ಏರ್‌ಲಾಕ್ ಎಡೆಬಿಡದೆ ಗುಳುಗುಳು ಎನ್ನುತ್ತಿತ್ತು. ಆ ಸದ್ದು ಕೇಳಿ ಆದ ಸಮಾಧಾನ ಇಂದಿಗೂ ನೆನಪಿದೆ. ಹನ್ನೆರಡು ದಿನದ ಮೇಲೆ 1.012ಕ್ಕೆ ನಿಂತಿತು. ರುಚಿ ಕೆಟ್ಟಿರಲಿಲ್ಲ.

ಈಗ ದ್ರವ ಯೀಸ್ಟ್ ಬಳಸುವುದಾದರೆ ಎರಡು ದಿನ ಮೊದಲೇ ಹೆಪ್ಪು ಮಾಡಿಕೊಳ್ಳುತ್ತೇನೆ. ಒಂದು ಲೀಟರ್ ನೀರಿಗೆ ನೂರು ಗ್ರಾಮ್ ಮಾಲ್ಟ್ ಪುಡಿ ಹಾಕಿ ಕುದಿಸಿ, ಪೂರ್ತಿ ಆರಿಸಿ, ಯೀಸ್ಟ್ ಸೇರಿಸಿ, ಪಕ್ಕದಲ್ಲಿ ಹಾದುಹೋದಾಗಲೆಲ್ಲ ಅಲುಗಾಡಿಸುವುದು. ಒಣ ಯೀಸ್ಟಿಗೆ ಇದು ಬೇಡ.

ಮಾರ್ಚಿನಲ್ಲಿ ಮತ್ತೊಮ್ಮೆ ಹಾಗೆಯೇ ಆಯಿತು ಎನಿಸಿತು. ಎರಡು ದಿನ ಏರ್‌ಲಾಕ್ ಉಸಿರೆತ್ತಲಿಲ್ಲ. ಯೀಸ್ಟ್ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ರಸ ಅಳೆದೆ. 1.048 ಇದ್ದದ್ದು 1.022 ಆಗಿತ್ತು. ಮುಚ್ಚಳದ ರಬ್ಬರ್ ಬಳೆ ಒಂದು ಕಡೆ ಮಡಚಿಕೊಂಡು, ಅನಿಲವೆಲ್ಲ ಆ ಸಂದಿಯಿಂದ ಹೊರಹೋಗುತ್ತಿತ್ತು. ಬಳೆಯನ್ನು ಸರಿಪಡಿಸಿ ಮುಚ್ಚಳ ಒತ್ತಿದ ಅರೆಗಳಿಗೆಯಲ್ಲಿ ಮೊದಲ ಗುಳ್ಳೆ ಎದ್ದಿತು. ಪೊಟ್ಟಣವನ್ನು ತಿರುಗಿ ಫ್ರಿಜ್ಜಿನಲ್ಲಿಟ್ಟೆ.