ಹಂದಿಗೆ ಸೆಮಿ ಆಟೋ: ಒಂದು ಲೋವರ್, ಎರಡು ಅಪ್ಪರ್

ಟೆಕ್ಸಸ್‌ನಲ್ಲಿ ಕಾಡುಹಂದಿ ಹೊಡೆಯಲು ಸೆಮಿ ಆಟೋ (ಟ್ರಿಗರ್ ಒತ್ತಿದಾಗಲೆಲ್ಲ ಒಂದು ಈಡು, ಮುಂದಿನ ತೋಟೆ ತಾನೇ ಏರುವ ಕೋವಿ) ತಗೋತೀನಿ ಅಂದರೆ ಸಾಕು, ಎಲ್ಲರ ಬಾಯಲ್ಲೂ ದೊಡ್ಡ .308 ತೋಟೆ. "ಸಣ್ಣ .223 ತೋಟೆ ಹಂದಿಗೆ ಕಚಗುಳಿ ಇಟ್ಟ ಹಾಗೆ" ಅಂದರು. ಎರಡರ ನಡುವಿನ 6.5 ಗ್ರೆಂಡೆಲ್ ತೋಟೆಯ ಹೆಸರೆತ್ತಿದ್ದಕ್ಕೆ "ಅತ್ತ ಅದೂ ಅಲ್ಲ, ಇತ್ತ ಇದೂ ಅಲ್ಲ" ಅಂತ ನಕ್ಕರು. ಈಗ ಅವರೇ ನನ್ನ ಕೋವಿ ಕೈಗೆ ತಗೊಂಡು "ಬ್ಯಾರೆಲ್ ಯಾವುದು ಮಾರಾಯ?" ಅಂತ ಕೇಳುತ್ತಿದ್ದಾರೆ.

ನನ್ನ ಕೆಲಸ ಇಷ್ಟು. ಗೆಳೆಯನ ಜೋಳದ ಹೊಲಕ್ಕೆ ಸಂಜೆ ಹಂದಿ ಹಿಂಡು ಇಳಿಯುತ್ತದೆ. ಹೆಚ್ಚಿನ ಈಡು 100 ಗಜದ ಒಳಗೆ, ಅಪರೂಪಕ್ಕೆ 200. ಖಾಸಗಿ ಜಮೀನಿನಲ್ಲಿ ಮಾಲೀಕ ಒಪ್ಪಿದರೆ 2019ರಿಂದ ಹಂದಿಗೆ ಲೈಸೆನ್ಸೂ ಬೇಡ. ಮೊದಲ ಈಡಿಗೆ ಒಂದು ಬೀಳುತ್ತದೆ, ಉಳಿದವು ಪೊದೆ ಕಡೆ ಓಡುತ್ತವೆ. ಆ ಮೂರ್ನಾಲ್ಕು ಸೆಕೆಂಡಿನಲ್ಲಿ ಇನ್ನೊಂದೆರಡು ಬೀಳಬೇಕು. ಪ್ರತಿ ಈಡಿಗೂ ಕೈಯಲ್ಲಿ ಬೋಲ್ಟ್ ಎಳೆಯುತ್ತಾ ಕೂತರೆ ಆಗಲ್ಲ.

.308 ತೋಟೆಯ ಸೆಮಿ ಆಟೋ, ಎಆರ್-10 ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಸುಮಾರು 900 ಡಾಲರಿಗೆ ತಂದೆ. ಸ್ಕೋಪು, ಬೈಪಾಡ್ ಎಲ್ಲ ಸೇರಿ ಹನ್ನೊಂದು ಪೌಂಡಿನ ಮೇಲೆ ತೂಗುತ್ತಿತ್ತು. ಒಂದು ಈಡಾಗಿ ಸ್ಕೋಪಿನಲ್ಲಿ ಮತ್ತೆ ಹಂದಿ ಕಾಣುವಷ್ಟರಲ್ಲಿ ಅದು ಪೊದೆಯೊಳಗೆ. ತೋಟೆ ಒಂದಕ್ಕೆ ಡಾಲರ್ ದಾಟುವುದರಿಂದ ಪ್ರಾಕ್ಟೀಸೂ ಕಮ್ಮಿ ಆಯ್ತು. 700ಕ್ಕೆ ಕೊಟ್ಟುಬಿಟ್ಟೆ. ಕೆಟ್ಟ ಕೋವಿ ಅಂತಲ್ಲ. ಒಂದೇ ಕಡೆ ಕೂತು 300 ಗಜಕ್ಕೆ ಹೊಡೆಯುವವರಿಗೆ ಚೆನ್ನಾಗಿದೆ. ನನ್ನದು ನಡೆದಾಡುವ ಬೇಟೆ.

ಆಮೇಲೆ 16 ಇಂಚಿನ ಬ್ಯಾರೆಲ್ಲಿನ 5.56 (.223ರಷ್ಟೇ ಗಾತ್ರದ ತೋಟೆ). ಮಿಡ್ ಲೆಂತ್ ಗ್ಯಾಸ್ (ಒದೆತ ಮೆದು ಮಾಡುವ ಉದ್ದದ ಗ್ಯಾಸ್ ನಳಿಗೆ), ಹೆಗಲಿಗೆ ಹೂವು. ಆದರೆ 55 ಗ್ರೇನಿನ (ಗ್ರೇನ್ ಬುಲೆಟ್ಟಿನ ತೂಕದ ಅಳತೆ) ಎಫ್‌ಎಂಜೆ, ಅಂದರೆ ಪೂರ್ತಿ ಲೋಹ ಹೊದಿಸಿದ, ಅರಳದ ಬುಲೆಟ್ಟು, ಹಂದಿಗೆ ಬೇಡ. ಸಣ್ಣ ತೂತು ಬೀಳುತ್ತದೆ, ಹಂದಿ ಓಡುತ್ತದೆ, ರಾತ್ರಿಯೆಲ್ಲ ಟಾರ್ಚ್ ಹಿಡಿದು ಹುಡುಕಬೇಕು. ಭಾರದ ಬುಲೆಟ್ ಹಾಕೋಣ ಅಂದರೆ ನನ್ನ ಬ್ಯಾರೆಲ್ 1:9 ಟ್ವಿಸ್ಟ್ (ಒಂಬತ್ತು ಇಂಚಿಗೆ ಬುಲೆಟ್ ಒಂದು ಸುತ್ತು), ಭಾರದ್ದಕ್ಕೆ ಸಾಲದು. 77 ಗ್ರೇನ್ 100 ಗಜದಲ್ಲಿ ನಾಲ್ಕಿಂಚು ಚದುರಿತು. ಒಳ್ಳೆ ಬೇಟೆ ಬುಲೆಟ್ಟು ಕಿವಿಯ ಕೆಳಗೇ ಬಿದ್ದರೆ ದೊಡ್ಡದೂ ಅಲ್ಲೇ ಕುಸಿಯುತ್ತದೆ, ನಿಜ. ಅದು ನಿಂತ ಹಂದಿಯ ಮಾತು, ಓಡುವುದಕ್ಕಲ್ಲ.

.300 ಬ್ಲ್ಯಾಕ್‌ಔಟ್ ಅಂತ ಇನ್ನೊಂದು ತೋಟೆ, ಗೆಳೆಯನ ಕೋವಿಯಲ್ಲಿ ಹೊಡೆದು ನೋಡಿದೆ. ಮ್ಯಾಗಜಿನ್, ಬೋಲ್ಟ್ ಎರಡೂ 5.56ರದ್ದೇ. ಅದೇ ತೊಂದರೆ ಕೂಡ. ಕತ್ತಲಲ್ಲಿ ಆ ತೋಟೆ ಅಪ್ಪಿತಪ್ಪಿ 5.56 ಚೇಂಬರಿಗೆ (ಬ್ಯಾರೆಲ್ಲಿನಲ್ಲಿ ತೋಟೆ ಕೂರುವ ಗೂಡು) ಹೋದರೆ ಕೋವಿಯೇ ಸಿಡಿಯುತ್ತದೆ. ಎರಡನ್ನೂ ಒಂದೇ ಬ್ಯಾಗಿನಲ್ಲಿ ಇಡುವ ಧೈರ್ಯ ನನಗಿಲ್ಲ. ಗ್ರೆಂಡೆಲ್ ತೋಟೆ ದಪ್ಪ, 5.56ಕ್ಕೆ ಹೋಗುವುದೇ ಇಲ್ಲ.

ಹಾಗಾಗಿ 5.56ರ ಹಳೇ ಲೋವರ್ (ಟ್ರಿಗರ್, ಹಿಡಿ ಇರುವ ಕೆಳಭಾಗ) ಇಟ್ಟುಕೊಂಡು ಗ್ರೆಂಡೆಲ್ ಅಪ್ಪರ್ (ಬ್ಯಾರೆಲ್ ಇರುವ ಮೇಲ್ಭಾಗ) ತರಿಸಿದೆ. ಬೋಲ್ಟ್ ಸೇರಿ 450 ಡಾಲರಿನ ಆಸುಪಾಸು. ಕಾನೂನಿನ ಲೆಕ್ಕದಲ್ಲಿ ಲೋವರ್ರೇ ಕೋವಿ, ಕೋವಿ ಕೊಳ್ಳುವಾಗ ಅಂಗಡಿಯಲ್ಲಿ ತುಂಬುವ ಫಾರಂ 4473 ಅದಕ್ಕೆ ಮಾತ್ರ. ಅಪ್ಪರ್ ಮನೆ ಬಾಗಿಲಿಗೇ ಬಂತು. ಎರಡು ಪಿನ್ ತೆಗೆದರೆ ಬೇರೆ ಕೋವಿ. ಅಂದಹಾಗೆ ಎಚ್-1ಬಿ ಮೇಲಿರುವವರು ಸುಮ್ನೆ ಅಂಗಡಿಗೆ ನುಗ್ಗಬೇಡಿ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ನೀವು ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ನಾನು ಗ್ರೀನ್ ಕಾರ್ಡ್ ಬಂದ ಮೇಲೇ ಕೈ ಹಾಕಿದ್ದು.

ಗ್ರೆಂಡೆಲ್ ಸತಾಯಿಸಿದ್ದು ಮ್ಯಾಗಜಿನ್ನಿನಲ್ಲಿ. ಅಗ್ಗದ್ದು ತಂದೆ, ಮೂರನೆಯದೋ ನಾಲ್ಕನೆಯದೋ ತೋಟೆ ಮೂಗು ತಗ್ಗಿಸಿ ಫೀಡ್ ರ‍್ಯಾಂಪಿಗೆ (ತೋಟೆ ಚೇಂಬರಿಗೆ ಹತ್ತುವ ಇಳಿಜಾರು) ಗುದ್ದಿ ನಿಲ್ಲುತ್ತಿತ್ತು. ತೆಗೆದು ನೋಡಿದರೆ ಬುಲೆಟ್ಟಿನ ತುದಿ ಚಪ್ಪಟೆ, ಪಕ್ಕದಲ್ಲಿ ಗೀರು. ಎದುರಿಗೆ 80 ಗಜದಲ್ಲಿ ಹಂದಿ ಆರಾಮಾಗಿ ಜೋಳ ಮೇಯುತ್ತಿದೆ! ಸ್ಟೀಲ್ ಮ್ಯಾಗಜಿನ್ನಿಗೆ ಇನ್ನೊಂದು 80 ಡಾಲರ್ ಹೋಯ್ತು. ಜೊತೆಗೆ ಫೀಡ್ ಲಿಪ್ಪಿಗೆ (ಮ್ಯಾಗಜಿನ್ ಬಾಯಿಯ ಅಂಚು) ಒಂದು ಸಣ್ಣ ಕೆಲಸ ಮಾಡಿದ್ದೇನೆ. ಅದು ನನ್ನ ಹತ್ತಿರವೇ ಇರಲಿ. ಆಮೇಲೆ ಒಮ್ಮೆಯೂ ಸಿಕ್ಕಿಕೊಂಡಿಲ್ಲ.

ಗ್ರೆಂಡೆಲ್‌ನಲ್ಲಿ ನಾನು ಹೊಡೆಯುವುದು 123 ಗ್ರೇನಿನ ಬುಲೆಟ್ಟು, ಸೆಕೆಂಡಿಗೆ ಸುಮಾರು 2400 ಅಡಿ ವೇಗ. ಹಂದಿಯ ಗುಂಡಿಗೆ ಜಿಂಕೆಗಿಂತ ಮುಂದಕ್ಕೆ, ಕೆಳಗೆ ಇರುತ್ತದೆ. ಮುಂಗಾಲಿನ ನೇರಕ್ಕೆ, ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಬಿಟ್ಟರೆ ಗಂಡುಹಂದಿಯ ಹೆಗಲ ದಪ್ಪ ಚರ್ಮವನ್ನೂ ಸೀಳಿ ಹೋಗುತ್ತದೆ. ಎರಡನೇ ಈಡಿಗೆ ಸ್ಕೋಪಿನಲ್ಲಿ ಹಂದಿ ಇನ್ನೂ ಇರುತ್ತದೆ. .308ರಲ್ಲಿ ಸಿಗದಿದ್ದದ್ದು ಇದೇ. 5.56 ಅಪ್ಪರ್ ಈಗ ಪ್ರಾಕ್ಟೀಸಿಗೆ, ತೋಟೆಗೆ ಅರ್ಧ ಡಾಲರ್.

ಪ್ರಾಕ್ಟೀಸಿಗೆ ಇನ್ನೂ ಅಗ್ಗಕ್ಕೆ ಬೇಕಂದರೆ ರೂಗರ್ 10/22, ಪುಟ್ಟ .22 ತೋಟೆಯ ಸೆಮಿ ಆಟೋ. 1964ರಿಂದ ಬರುತ್ತಿರುವ ಮಾಡೆಲ್, 300 ಡಾಲರಿಗೆ ಅದಕ್ಕಿಂತ ಒಳ್ಳೇದು ನಾನು ಕಂಡಿಲ್ಲ. ಆದರೆ ಜಿಂಕೆಗೆ ಇಲ್ಲಿ ರಿಮ್‌ಫೈರ್ (ಅಂಚಿಗೆ ಹೊಡೆದರೆ ಸಿಡಿಯುವ, ಈ .22ನಂಥ ತೋಟೆ) ನಿಷೇಧ. ನಮ್ಮದು ಸೋಮವಾರಪೇಟೆ ಕಡೆ, ಕೈಲ್‌ಪೊಳ್ದ್ (ಕೋವಿ ಪೂಜಿಸಿ ತೆಂಗಿನಕಾಯಿಗೆ ಈಡು ಹೊಡೆಯುವ ಕೊಡಗಿನ ಹಬ್ಬ) ಬಂದರೆ ಕೈ ತುರಿಸುತ್ತದೆ. ಈ ಸಲ ಇಂಡಿಯನ್ ಸ್ಟೋರಿನ ತೆಂಗಿನಕಾಯಿಯನ್ನು ಮಣ್ಣಿನ ದಿಬ್ಬದ ಮುಂದೆ ಕಟ್ಟಿ 10/22ರಲ್ಲೇ ಹೊಡೆದೆವು. ಕಾಯಿ ಒಡೆಯಲಿಲ್ಲ. ತೂತಾಗಿ ನೀರು ಸೋರಿತು. ಒಡೆಯದೆ ಗೆದ್ದ ಲೆಕ್ಕ ಹೇಗೆ ಅಂತ ಊಟದ ತನಕ ಜಗಳ.

ಗ್ರೆಂಡೆಲ್‌ಗೆ ಯಾವ ಲೋಡ್ (ಯಾವ ಕಂಪನಿಯ ಯಾವ ತೋಟೆ) ಅಂತ ಮಾತ್ರ ಕೇಳಬೇಡಿ. ಹೇಳಿದ ವಾರವೇ ನಮ್ಮ ಅಂಗಡಿಯಲ್ಲಿ ಖಾಲಿ ಆಗುತ್ತದೆ.