‘ಅರ್ಥವಾಯಿತಾ?’ ಎಂದು ಕೇಳುವುದನ್ನು ಮೊದಲು ಬಿಡಿ

ಆನ್‌ಲೈನ್ ಕ್ಲಾಸು ತೆಗೆದುಕೊಂಡವರಿಗೆಲ್ಲ ಇದು ಗೊತ್ತು. ಒಂದು ಲೆಕ್ಕ ಬಿಡಿಸಿ ಮುಗಿಸಿ, ‘ಅರ್ಥವಾಯಿತಾ?’ ಅಂತ ಕೇಳುತ್ತೀರಿ. ಸದ್ದಿಲ್ಲ. ಇನ್ನೊಮ್ಮೆ ಕೇಳುತ್ತೀರಿ. ಯಾರೋ ಒಬ್ಬ ಚಾಟ್‌ನಲ್ಲಿ ‘ಎಸ್ ಮಿಸ್’ ಅಂತ ಹಾಕುತ್ತಾನೆ. ಅದರ ಬೆನ್ನಿಗೇ ಹತ್ತು ‘ಎಸ್ ಮಿಸ್’ ಸಾಲುಗಟ್ಟಿ ಬರುತ್ತವೆ. ನೀವು ಸಮಾಧಾನದಿಂದ ಮುಂದಿನ ಲೆಕ್ಕಕ್ಕೆ ಹೋಗುತ್ತೀರಿ. ವಾರ ಕಳೆದು ಉತ್ತರಪತ್ರಿಕೆ ತಿದ್ದಲು ಕೂತಾಗ ತಿಳಿಯುತ್ತದೆ, ಅಷ್ಟೂ ದಿನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಿದ್ದೀರಿ ಎಂದು.

ಕೋಣೆಯಲ್ಲಿ ನಿಂತು ಪಾಠ ಮಾಡುವಾಗ ನಾವು ಕೇಳದಿದ್ದರೂ ಸುದ್ದಿ ಬರುತ್ತಲೇ ಇರುತ್ತದೆ. ಸುಕ್ಕಾದ ಹಣೆ, ಅರ್ಧ ಸಾಲಿಗೆ ನಿಂತ ಪೆನ್ನು, ಪಕ್ಕದವಳ ಪುಸ್ತಕಕ್ಕೆ ಇಣುಕುವ ಕಣ್ಣು. ಇಷ್ಟು ಕಂಡರೆ ಸಾಕು, ಕೈ ತಾನಾಗಿ ಬೋರ್ಡ್ ಒರೆಸಿ ಮತ್ತೆ ಮೊದಲಿನಿಂದ ಬರೆಯುತ್ತದೆ. ಪರದೆಯ ಮೇಲೆ ಈ ಸುದ್ದಿ ನಿಂತುಹೋಗುತ್ತದೆ. ಹಾಗಾಗಿ ಆನ್‌ಲೈನ್ ಪಾಠದ ತಯಾರಿ ಎಂದರೆ ಹೆಚ್ಚಿನಂಶ, ತಾನಾಗಿ ಬಾರದ ಆ ಸುದ್ದಿಯನ್ನು ಕೇಳಿ ತರಿಸಿಕೊಳ್ಳುವ ತಯಾರಿ. ಅದನ್ನು ಹೇಗೆ ಮಾಡಬಹುದು, ಒಂದೊಂದಾಗಿ ನೋಡೋಣ.

ಪಾಠವನ್ನು ಎರಡು ಪಾಲು ಮಾಡಿ

2020ರಲ್ಲಿ ಕೋವಿಡ್‌ನಿಂದಾಗಿ ಜಗತ್ತಿನಾದ್ಯಂತ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ತರಗತಿಗಳು ಮುಚ್ಚಿದವು ಎನ್ನುತ್ತದೆ ಯುನೆಸ್ಕೊ ಲೆಕ್ಕ. ನಮ್ಮಲ್ಲಿ ಬಹಳ ಮಂದಿ ಈ ವಿದ್ಯೆ ಕಲಿತದ್ದು ಆಗಲೇ, ಅದೂ ರಾತ್ರೋರಾತ್ರಿ. ಆ ಗಡಿಬಿಡಿಯಲ್ಲಿ ಅಂಟಿದ ಒಂದು ಚಾಳಿ ಇನ್ನೂ ಹೋಗಿಲ್ಲ. ಮುಕ್ಕಾಲು ಗಂಟೆಯ ಉಪನ್ಯಾಸವನ್ನು ಇದ್ದ ಹಾಗೇ ಎತ್ತಿ ಕ್ಯಾಮೆರಾದ ಮುಂದೆ ಇಡುವುದು.

ಪಾಠ ತಯಾರಿಸುವಾಗ ಪ್ರತಿ ಭಾಗಕ್ಕೂ ಈ ಪ್ರಶ್ನೆ ಹಾಕಿ: ‘ಇದನ್ನು ಹೇಳುವಾಗ ಮಕ್ಕಳಿಂದ ನನಗೆ ಏನಾದರೂ ಬೇಕೇ?’ ಬೇಡವೆಂದಾದರೆ ಅದನ್ನು ಮೊದಲೇ ರೆಕಾರ್ಡ್ ಮಾಡಿ ಕಳಿಸಿ. ವ್ಯಾಖ್ಯೆ, ಹಿನ್ನೆಲೆ, ಒಂದು ಮಾದರಿ ಲೆಕ್ಕ, ಇವೆಲ್ಲ ಈ ಪಾಲಿಗೆ ಬರುತ್ತವೆ. ಅನುಮಾನ, ತಪ್ಪು, ವಾದ ಹುಟ್ಟುವ ಜಾಗಗಳನ್ನಷ್ಟೇ ಲೈವ್ ಕ್ಲಾಸಿಗೆ ಉಳಿಸಿಕೊಳ್ಳಿ.

ರೆಕಾರ್ಡಿಂಗ್ ಚಿಕ್ಕದಿರಲಿ. ಎಡೆಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳಲ್ಲಿ ವಿದ್ಯಾರ್ಥಿಗಳು ವಿಡಿಯೊ ನೋಡಿದ ಸುಮಾರು 69 ಲಕ್ಷ ಸಂದರ್ಭಗಳನ್ನು ಜಾಲಾಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ವಿಡಿಯೊ ಎಷ್ಟೇ ಉದ್ದವಿರಲಿ, ನೋಡುಗರ ನಡುಮಟ್ಟದ ತಾಳ್ಮೆ 6 ನಿಮಿಷ ದಾಟಲಿಲ್ಲ. 20 ನಿಮಿಷದ ವಿಡಿಯೊ ಮಾಡಿ ಕೊನೆಯಲ್ಲಿ ಮುಖ್ಯ ವಿಷಯ ಹೇಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಸ್ಲೈಡ್‌ಗಳ ಬಗ್ಗೆ ಒಂದೇ ಮಾತು. ಸ್ಲೈಡ್‌ನಲ್ಲಿ ಇರುವುದನ್ನೇ ಓದಬೇಡಿ. ಕಣ್ಣು ತನ್ನ ವೇಗದಲ್ಲಿ ಓದುತ್ತಿರುತ್ತದೆ, ಕಿವಿಗೆ ಅದೇ ವಾಕ್ಯ ಬೇರೆ ವೇಗದಲ್ಲಿ ಬೀಳುತ್ತದೆ, ಎರಡೂ ಕೆಡುತ್ತವೆ. ಪರದೆಯ ಮೇಲೆ ಚಿತ್ರವಿರಲಿ, ಮಾತು ನಿಮ್ಮದಿರಲಿ.

ಮುಖಕ್ಕಿಂತ ಧ್ವನಿ ಮೇಲು

ಚಿತ್ರ ಮಸುಕಾದರೆ ಮಕ್ಕಳು ಸಹಿಸುತ್ತಾರೆ. ಧ್ವನಿ ತುಂಡುತುಂಡಾದರೆ ಐದೇ ನಿಮಿಷದಲ್ಲಿ ಮನಸ್ಸು ಬೇರೆಲ್ಲೋ ಹೋಗುತ್ತದೆ. ಲ್ಯಾಪ್‌ಟಾಪ್‌ನ ಮೈಕ್ ನಂಬಬೇಡಿ. ಸಾಧಾರಣ ಇಯರ್‌ಫೋನ್ ಮೈಕ್ ಬಾಯಿಗೆ ಹತ್ತಿರವಿರುವುದರಿಂದಲೇ ಅದಕ್ಕಿಂತ ವಾಸಿ. ಕಿಟಕಿ ಬೆನ್ನ ಹಿಂದೆ ಇದ್ದರೆ ನಿಮ್ಮ ಮುಖ ಕರಿ ನೆರಳಾಗುತ್ತದೆ, ಕಿಟಕಿಗೆ ಎದುರಾಗಿ ಕೂರಿ.

ನೆಟ್‌ವರ್ಕ್ ಎಳೆದಾಡಲು ಶುರುವಾದರೆ ಕ್ಯಾಮೆರಾ ಬಂದ್ ಮಾಡಲು ಹಿಂಜರಿಯಬೇಡಿ. ಲೆಕ್ಕ ಸರಳ. ಸೆಕೆಂಡಿಗೆ 64 ಕಿಲೋಬಿಟ್‌ನಲ್ಲಿ ಹರಿಯುವ ಧ್ವನಿಗೆ ಗಂಟೆಗೆ ಸುಮಾರು 29 ಎಂಬಿ ಡೇಟಾ ಸಾಕು. ಸೆಕೆಂಡಿಗೆ 1 ಮೆಗಾಬಿಟ್‌ನ ವಿಡಿಯೊ ಅದೇ ಒಂದು ಗಂಟೆಯಲ್ಲಿ 450 ಎಂಬಿ ತಿನ್ನುತ್ತದೆ. ಆ ಕಡೆ ಮಿತಿಯ ಡೇಟಾ ಹಾಕಿಸಿಕೊಂಡು ಕೂತ ಮಗುವಿಗೆ ಈ ವ್ಯತ್ಯಾಸ ದೊಡ್ಡದು.

ಇನ್ನೊಂದು ಕೆಲಸವನ್ನು ನಾನು ಪೆಟ್ಟು ತಿಂದೇ ಕಲಿತೆ. ಒಂದು ಬೆಳಿಗ್ಗೆ 11 ನಿಮಿಷ ಮ್ಯೂಟ್‌ನಲ್ಲಿದ್ದುಕೊಂಡು ಮೈಮರೆತು ಪಾಠ ಮಾಡಿದ್ದೇನೆ. ಮಕ್ಕಳು ಚಾಟ್‌ನಲ್ಲಿ ಬರೆದರು, ಕೈ ಎತ್ತುವ ಗುಂಡಿ ಒತ್ತಿದರು. ನನ್ನ ಪರದೆ ತುಂಬ ಸ್ಲೈಡ್ ಹರಡಿಕೊಂಡಿದ್ದರಿಂದ ಒಂದೂ ಕಾಣಲಿಲ್ಲ. ಅಂದಿನಿಂದ ಹಳೆಯ ಫೋನೊಂದನ್ನು ವಿದ್ಯಾರ್ಥಿಯ ಹಾಗೆ ಅದೇ ಕ್ಲಾಸಿಗೆ ಸೇರಿಸಿ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ, ಧ್ವನಿ ಪೂರ್ತಿ ಇಳಿಸಿ. ಮಕ್ಕಳಿಗೆ ಏನು ಕಾಣುತ್ತಿದೆ ಎನ್ನುವುದು ಅದರಲ್ಲಿ ನನಗೂ ಕಾಣುತ್ತದೆ, ಚಾಟ್ ಸದಾ ತೆರೆದಿರುತ್ತದೆ.

ಮೊದಲ ಮೂರು ನಿಮಿಷ

ಎಲ್ಲರೂ ಸೇರಲಿ ಅಂತ ಕಾಯುತ್ತ ಕೂರುವುದು ಸಮಯಕ್ಕೆ ಸರಿಯಾಗಿ ಬಂದವರಿಗೆ ಕೊಡುವ ಶಿಕ್ಷೆ. ಅವರು ಒಳಗೆ ಬಂದ ಕೂಡಲೇ ಪರದೆಯ ಮೇಲೆ ಒಂದು ಪ್ರಶ್ನೆ ಇರಲಿ, ಹಿಂದಿನ ಕ್ಲಾಸಿನದ್ದು. ಪುಸ್ತಕ ತೆರೆಯದೆ ಬರೆಯಬೇಕು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ತೋರಿಸಿದ್ದು ಇದನ್ನೇ: ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರದೇ ಮೇಲುಗೈ. ವಾರದ ನಂತರ ಕೇಳಿದರೆ, ಓದಿದ್ದನ್ನು ಒಮ್ಮೆ ನೆನಪಿನಿಂದ ಬರೆದವರೇ ಮುಂದೆ. ಹಾಜರಿ ಕರೆಯುವ ಕೆಲಸವೂ ಇದರಲ್ಲೇ ಮುಗಿಯುತ್ತದೆ. ಉತ್ತರ ಬರೆದವರು ಹಾಜರು.

ಪ್ರಶ್ನೆ ಕೇಳುವ ಕಲೆ

ಇಡೀ ಲೇಖನದಲ್ಲಿ ಇದೊಂದನ್ನು ನೀವು ಒಪ್ಪಿದರೂ ನನಗೆ ಸಾಕು. ‘ಅರ್ಥವಾಯಿತಾ’ ಎಂಬುದು ಪ್ರಶ್ನೆಯಲ್ಲ. ಅದಕ್ಕೆ ‘ಇಲ್ಲ’ ಎನ್ನಲು ನಲವತ್ತು ಜನರ ಮುಂದೆ ಧೈರ್ಯ ಬೇಕು, ‘ಹೌದು’ ಎನ್ನಲು ಏನೂ ಬೇಡ. ಬದಲಿಗೆ, ಅರ್ಥವಾಗದಿದ್ದರೆ ಉತ್ತರಿಸಲಾಗದಂಥ ಪ್ರಶ್ನೆ ಕೇಳಿ.

ಒಂದು ಉದಾಹರಣೆ. ಭಿನ್ನರಾಶಿಗಳ ಸಂಕಲನ. 1/2 ಕ್ಕೆ 1/3 ಕೂಡಿಸಿದರೆ ಎಷ್ಟು? ಮಕ್ಕಳು ಉತ್ತರವನ್ನು ಚಾಟ್‌ನಲ್ಲಿ ಟೈಪ್ ಮಾಡಲಿ, ಆದರೆ ಕಳಿಸುವ ಗುಂಡಿ ಒತ್ತಬಾರದು. ಎಲ್ಲರೂ ಬರೆಯುವವರೆಗೆ ಕಾದು, ‘ಮೂರು, ಎರಡು, ಒಂದು, ಕಳಿಸಿ’ ಎನ್ನಿ. ಉತ್ತರಗಳು ಒಟ್ಟಿಗೆ ಸುರಿಯುತ್ತವೆ. ಮೊದಲು ಬರೆದ ಜಾಣನನ್ನು ನೋಡಿ ನಕಲು ಹೊಡೆಯಲು ಯಾರಿಗೂ ಸಮಯವಿರುವುದಿಲ್ಲ. ಅರ್ಧಕ್ಕರ್ಧ ಜನ 2/5 ಎಂದಿರುತ್ತಾರೆ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾರೆ.

ಇಲ್ಲಿ ‘ತಪ್ಪು, ಸರಿ ಉತ್ತರ 5/6’ ಎಂದುಬಿಟ್ಟರೆ ಕಲಿಸುವ ಅವಕಾಶ ಕೈತಪ್ಪಿತು. ಇನ್ನೊಂದು ಪ್ರಶ್ನೆ ಕೇಳಿ: ‘2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?’ ಕಡಿಮೆ. ‘ಹಾಗಾದರೆ ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಕಡಿಮೆಯಾದದ್ದು ಹೇಗೆ?’ ಈಗ ಸುಮ್ಮನಿರಿ. ಮ್ಯೂಟ್ ತೆಗೆದು ಯಾರೋ ‘ಅಯ್ಯೋ’ ಎನ್ನುತ್ತಾರೆ. ಆ ‘ಅಯ್ಯೋ’ದ ನಂತರ ಛೇದ ಸಮ ಮಾಡುವುದು ಯಾಕೆ ಎಂದು ಹೇಳಿದರೆ ತಲೆಗೆ ಹತ್ತುತ್ತದೆ, ಅದಕ್ಕೆ ಮೊದಲು ಹೇಳಿದರೆ ಬರೀ ಸೂತ್ರ.

‘ಸುಮ್ಮನಿರಿ’ ಎಂದಿದ್ದು ಸುಮ್ಮನೆ ಅಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಗುರುತಿಸಿದಂತೆ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಎಂದೂ ಮಾತಾಡದವರು ಬಾಯಿ ತೆರೆಯುತ್ತಾರೆ. ಅದು ಎದುರುಬದುರು ಕೂತ ತರಗತಿಯ ಮಾತು. ಆನ್‌ಲೈನಿನಲ್ಲಿ ಧ್ವನಿ ತಲುಪುವುದೇ ತಡ, ಮ್ಯೂಟ್ ತೆಗೆಯುವುದಕ್ಕೆ ಇನ್ನಷ್ಟು ಹೊತ್ತು. ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಏಳರ ಹೊತ್ತಿಗೆ ಎದೆ ಡವಗುಟ್ಟುತ್ತದೆ, ನಿಜ. ಉತ್ತರ ಬರುವುದು ಸಾಮಾನ್ಯವಾಗಿ ಎಂಟಕ್ಕೋ ಒಂಬತ್ತಕ್ಕೋ.

ಹತ್ತು ನಿಮಿಷಕ್ಕೊಮ್ಮೆಯಾದರೂ ಮಕ್ಕಳ ಕೈಗೆ ಹೀಗೆ ಏನಾದರೂ ಕೆಲಸ ಕೊಡಿ. ಪೋಲ್, ಚಾಟ್, ಹಾಳೆಯ ಮೇಲೆ ಬರೆದು ಕ್ಯಾಮೆರಾಕ್ಕೆ ಹಿಡಿಯುವುದು, ಯಾವುದಾದರೂ ಸರಿ. ಹೊಸ ಹೊಸ ಆ್ಯಪ್‌ಗಳ ಹಿಂದೆ ಓಡಬೇಡಿ. ಎರಡು ಉಪಾಯ ಚೆನ್ನಾಗಿ ಪಳಗಿದರೆ ವರ್ಷವಿಡೀ ನಡೆಯುತ್ತದೆ.

ಗುಂಪು ಮಾಡುವಾಗ

ಬ್ರೇಕ್‌ಔಟ್ ರೂಮಿಗೆ, ಅಂದರೆ ಕ್ಲಾಸಿನೊಳಗೇ ತೆರೆಯುವ ಚಿಕ್ಕ ಆನ್‌ಲೈನ್ ಕೋಣೆಗಳಿಗೆ, ಮಕ್ಕಳನ್ನು ಕಳಿಸಿ ‘ಚರ್ಚೆ ಮಾಡಿ’ ಎಂದರೆ ಆರು ನಿಮಿಷ ಮೌನವ್ರತ ನಡೆಯುತ್ತದೆ. ಮೂರು-ನಾಲ್ಕು ಜನರಿಗಿಂತ ಹೆಚ್ಚು ಬೇಡ. ಮಾಡಬೇಕಾದ ಕೆಲಸ ಬರವಣಿಗೆಯಲ್ಲಿ ಅವರ ಜೊತೆಗೇ ಹೋಗಲಿ, ಯಾಕೆಂದರೆ ಕೋಣೆ ಬದಲಾದ ಕೂಡಲೇ ನಿಮ್ಮ ಸ್ಲೈಡ್ ಮಾಯ. ಮರಳಿ ಬರುವಾಗ ಕೈಯಲ್ಲಿ ಒಂದು ವಸ್ತು ಇರಬೇಕು: ಒಂದು ವಾಕ್ಯ, ಒಂದು ಚಿತ್ರ, ಒಂದು ಉತ್ತರ. ಅದನ್ನು ಯಾರು ಹೇಳಬೇಕೆಂದು ಮೊದಲೇ ಹೆಸರಿಸಿ.

ಕ್ಯಾಮೆರಾ ಜಗಳ

ಕ್ಯಾಮೆರಾ ಹಾಕಲೇಬೇಕು ಎಂಬ ಕಟ್ಟಪ್ಪಣೆಗೆ ನನ್ನ ಸಮ್ಮತಿಯಿಲ್ಲ. ಮಗುವಿನ ಹಿಂದೆ ಕಾಣುವ ಗೋಡೆ ಇಡೀ ಕ್ಲಾಸಿನ ಸ್ವತ್ತಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೊ ಸಭೆಗಳ ದಣಿವಿಗೆ ನಾಲ್ಕು ಕಾರಣ ಮುಂದಿಟ್ಟರು. ತೀರಾ ಹತ್ತಿರದಿಂದ ದಿಟ್ಟಿಸುವ ಮುಖಗಳು, ಕನ್ನಡಿಯಂತೆ ಎದುರಿಗೇ ಇರುವ ತನ್ನ ಮುಖ, ಕದಲದೆ ಕೂರಬೇಕಾದ ಕಟ್ಟು, ಸನ್ನೆಗಳನ್ನು ಪ್ರಯತ್ನಪಟ್ಟು ಮಾಡಿ, ಪ್ರಯತ್ನಪಟ್ಟೇ ಓದಬೇಕಾದ ಶ್ರಮ. ಎರಡನೆಯದಕ್ಕೆ ಮದ್ದು ಸುಲಭ. ತನ್ನ ಚಿತ್ರ ತನಗೆ ಕಾಣದಂತೆ ಮಾಡುವ ಆಯ್ಕೆ ಸೆಟ್ಟಿಂಗ್‌ನಲ್ಲಿದ್ದರೆ ಅದನ್ನು ಮಕ್ಕಳಿಗೆ ತೋರಿಸಿಕೊಡಿ. ಬಂದಾಗ ‘ನಮಸ್ತೆ’ ಹೇಳಲು, ಗುಂಪಿನಲ್ಲಿ ಮಾತಾಡಲು ಕ್ಯಾಮೆರಾ ಹಾಕಿದರೆ ಸಾಕು ಎಂದರೆ ಬಹಳ ಮಕ್ಕಳು ತಾವಾಗಿಯೇ ಹಾಕುತ್ತಾರೆ.

ಕಾಣದೆ ಹೋಗುವವರು

ಹೆಸರು ಪಟ್ಟಿಯಲ್ಲಿರುತ್ತದೆ, ಮಗು ಇರುವುದಿಲ್ಲ. ಆನ್‌ಲೈನಿನಲ್ಲಿ ಯಾರೂ ಒಮ್ಮೆಲೇ ಬಿಟ್ಟುಹೋಗುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಮಾಸುತ್ತಾರೆ. ಅದನ್ನು ಹಿಡಿಯಲು ಒಂದು ನೋಟ್‌ಬುಕ್ ಸಾಕು. ಹೆಸರಿನ ಮುಂದೆ ಮೂರು ಕಾಲಂ: ಕ್ಲಾಸಿಗೆ ಸೇರಿದರೇ, ಏನಾದರೂ ಬರೆದರೇ, ಕೊಟ್ಟ ಕೆಲಸ ಬಂತೇ? ನಡುವಿನ ಕಾಲಂ ಎರಡು ಕ್ಲಾಸು ಖಾಲಿ ಇದ್ದರೆ ಅದೇ ದಿನ ಫೋನ್ ಮಾಡಿ. ಪರೀಕ್ಷೆಯವರೆಗೆ ಕಾಯಬೇಡಿ.

ಫೋನಿನಲ್ಲಿ ‘ಯಾಕಮ್ಮ ಬರ್ತಿಲ್ಲ?’ ಎಂದು ಶುರು ಮಾಡಿದರೆ ಸಿಗುವುದು ನೆಪ. ಹಾಗೆ ಕೇಳಿಯೇ ನಾನು ಒಬ್ಬ ಹುಡುಗಿಯಿಂದ ಮೂರು ಸಲ ‘ನೆಟ್‌ವರ್ಕ್ ಇರ್ಲಿಲ್ಲ ಮಿಸ್’ ಕೇಳಿಸಿಕೊಂಡೆ. ನಾಲ್ಕನೇ ಸಲ ಬೇರೆ ಥರ ಕೇಳಿದೆ. ‘ಕ್ಲಾಸಿನ ಹೊತ್ತಿಗೆ ನೀನು ಎಲ್ಲಿ ಕೂತಿರ್ತೀಯ, ಫೋನು ಯಾರ ಕೈಲಿರುತ್ತೆ?’ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ‘ಅದೇ ಹೊತ್ತಿಗೆ ಅಣ್ಣನಿಗೂ ಕ್ಲಾಸಿರುತ್ತೆ ಮಿಸ್. ಇರೋದು ಒಂದೇ ಫೋನು.’ ಮುಂದಿನ ವಾರದಿಂದ ಅವಳಿಗೆ ಕ್ಲಾಸಿನ ಪ್ರಶ್ನೆಗಳನ್ನು ಸಂಜೆ ಕಳಿಸತೊಡಗಿದೆ. ಅವಳು ನೋಟ್‌ಬುಕ್ಕಿನ ಫೋಟೊ ತೆಗೆದು ಹಾಕುತ್ತಿದ್ದಳು, ನಾನು ಒಂದು ನಿಮಿಷದ ವಾಯ್ಸ್ ಮೆಸೇಜಿನಲ್ಲಿ ತಪ್ಪು ಎಲ್ಲಿದೆ ಹೇಳುತ್ತಿದ್ದೆ. ಕೆಂಪು ಶಾಯಿಯ ಗುರುತಿಗಿಂತ ಆ ಧ್ವನಿ ಹೆಚ್ಚು ನಾಟಿತೆಂದು ತೋರುತ್ತದೆ. ಈಗ ಎಲ್ಲರಿಗೂ ಹಾಗೇ ಮಾಡುತ್ತೇನೆ.

ಪರೀಕ್ಷೆಯ ವಿಷಯಕ್ಕೆ ಬಂದರೆ, ಪುಸ್ತಕ ನೋಡಿ ಬರೆಯುತ್ತಾರೆ ಎಂದು ಪೊಲೀಸ್ ಕಾವಲು ಹಾಕಿ ಗೆದ್ದವರನ್ನು ನಾನು ಕಂಡಿಲ್ಲ. ಪುಸ್ತಕ ತೆರೆದಿಟ್ಟುಕೊಂಡೂ ಯೋಚಿಸಬೇಕಾದ ಪ್ರಶ್ನೆ ಕೊಡಿ. ಆಮೇಲೆ ಎರಡು ನಿಮಿಷ ಮಾತಾಡಿಸಿ, ‘ಮೂರನೇ ಹೆಜ್ಜೆ ಯಾಕೆ ಹೀಗಿಟ್ಟೆ?’ ಎಂದು ಕೇಳಿ. ಸ್ವಂತ ಉತ್ತರವೋ ಎರವಲೋ ಅಲ್ಲೇ ಗೊತ್ತಾಗುತ್ತದೆ.

ಕ್ಲಾಸಿನ ಕೊನೆಯ ಎರಡು ನಿಮಿಷ ಪಾಠಕ್ಕೆ ಬಳಸಬೇಡಿ. ‘ಇವತ್ತು ಎಲ್ಲಿ ತೊಡರಿತು, ಒಂದು ಸಾಲು ಬರೆಯಿರಿ, ನನಗೆ ಮಾತ್ರ ಕಾಣುವಂತೆ ಕಳಿಸಿ’ ಎನ್ನಿ. ಶುರುವಿನಲ್ಲಿ ‘ಏನೂ ಇಲ್ಲ ಮಿಸ್’ ಎಂಬುದೇ ಬರುತ್ತದೆ. ಬಂದ ಒಂದೆರಡು ನಿಜವಾದ ಸಾಲುಗಳನ್ನು, ಬರೆದವರ ಹೆಸರು ಹೇಳದೆ, ಮರುದಿನದ ಮೊದಲ ಪ್ರಶ್ನೆ ಮಾಡಿ. ಬರೆದದ್ದಕ್ಕೆ ಬೆಲೆಯಿದೆ ಎಂದು ತಿಳಿದ ಮೇಲೆ ಸಾಲುಗಳು ಹೆಚ್ಚುತ್ತವೆ, ಮೊನಚಾಗುತ್ತವೆ. ಕಳೆದ ವಾರ ಒಬ್ಬಳು ಬರೆದಿದ್ದಳು: ‘ಮಿಸ್, ನೀವು ನಾಲ್ಕನೇ ಸಾಲಿಂದ ಆರಕ್ಕೆ ಹಾರಿದ್ರಿ.’ ರೆಕಾರ್ಡಿಂಗ್ ತೆಗೆದು ನೋಡಿದೆ. ಹಾರಿದ್ದೆ.