ಮೇ 31ರಿಂದ ಹಿಂದಕ್ಕೆ: ಕಾವೇರಿ ಜಲಾಶಯಗಳ ವರ್ಷದ ಲೆಕ್ಕ

ಕಾವೇರಿಯ ನೀರಿನ ವರ್ಷ ಜೂನ್ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ. ನಾನು ನೀರು ಹಂಚಿಕೆಯ ಲೆಕ್ಕದ ಹಾಳೆ ತುಂಬಿಸುವುದು ಮಾತ್ರ ಮೇ 31ರಿಂದ ಹಿಂದಕ್ಕೆ. ಜೂನ್‌ನಿಂದ ಮುಂದಕ್ಕೆ ಹಾಕುತ್ತ ಹೋದರೆ ಆಗಸ್ಟ್‌ನಲ್ಲಿ ತುಂಬಿದ ಕಟ್ಟೆ ನೋಡಿ ನಾಲೆಗೆ ಕೈ ಸಡಿಲವಾಗುತ್ತದೆ, ಮಾರ್ಚ್ ಹೊತ್ತಿಗೆ ಕುಡಿಯುವ ನೀರಿಗೇ ತತ್ವಾರ.

ನಮ್ಮ ನಾಲ್ಕು ಜಲಾಶಯಗಳ ಸಾಮರ್ಥ್ಯ ಹೀಗಿದೆ: ಕೆಆರ್‌ಎಸ್ 49.45, ಹೇಮಾವತಿ 37.10, ಕಬಿನಿ 19.52, ಹಾರಂಗಿ 8.50 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಕೂಡಿದರೆ 114.57. ಡೆಡ್ ಸ್ಟೋರೇಜ್ (ತಳದಲ್ಲಿ ಬಳಕೆಗೆ ಸಿಗದೆ ಉಳಿಯುವ ನೀರು) ಕಳೆದರೆ ಬಳಕೆಗೆ 104.55. ಸುಪ್ರೀಂ ಕೋರ್ಟಿನ 2018ರ ಫೆಬ್ರವರಿ 16ರ ತೀರ್ಪಿನಂತೆ ಸಾಧಾರಣ ವರ್ಷದಲ್ಲಿ ತಮಿಳುನಾಡಿಗೆ, ಗಡಿಯ ಅಳತೆ ಕೇಂದ್ರವಾದ ಬಿಳಿಗುಂಡ್ಲುವಿನಲ್ಲಿ, ತೋರಿಸಬೇಕಾದದ್ದು 177.25. ಅಂದರೆ ಕೊಡಬೇಕಾದ ನೀರು ಕೂಡಿಡಬಹುದಾದ ನೀರಿಗಿಂತ ಹೆಚ್ಚು. ಹಾಗಾಗಿ ಮಳೆ ಸುರಿಯುವಾಗಲೇ ಕೊಡುತ್ತಾ, ಅದೇ ಹೊತ್ತಿಗೆ ತುಂಬಿಸುತ್ತಾ ಹೋಗಬೇಕು. ಜೂನ್ 9.19, ಜುಲೈ 31.24, ಆಗಸ್ಟ್ 45.95, ಸೆಪ್ಟೆಂಬರ್ 36.76: ಈ ನಾಲ್ಕೇ ತಿಂಗಳಿಗೆ 123.14 ಟಿಎಂಸಿ.

ಹಿಂದಿನಿಂದ ಲೆಕ್ಕ ಹಿಡಿದಾಗ ಮೊದಲ ಸಾಲು ಕುಡಿಯುವ ನೀರು. ಬೆಂಗಳೂರಿಗೆ ಕಾವೇರಿ ಕುಡಿಯುವ ನೀರಿನ ಯೋಜನೆಯ ಮೊದಲ ನಾಲ್ಕು ಹಂತಗಳಲ್ಲಿ ದಿನಕ್ಕೆ 1,450 ದಶಲಕ್ಷ ಲೀಟರ್, 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದಿಂದ ಇನ್ನೂ 775. ಪೂರ್ತಿ 2,225 ಎತ್ತಿದರೆ ದಿನಕ್ಕೆ 0.0786 ಟಿಎಂಸಿ. ಮುಂಗಾರು ಕೈಕೊಟ್ಟರೆ ಇರಲಿ ಎಂದು ನಾನು ಮೇ 31ಕ್ಕೆ ನಿಲ್ಲಿಸದೆ ಜುಲೈ 15ರವರೆಗೆ ಎಣಿಸುತ್ತೇನೆ. ಫೆಬ್ರವರಿ 1ರಿಂದ ಅಲ್ಲಿಗೆ 165 ದಿನ, ಸುಮಾರು 13 ಟಿಎಂಸಿ. ಇದು ಟಿ.ಕೆ. ಹಳ್ಳಿಯಲ್ಲಿ ಎತ್ತುವ ನೀರು. ಕಟ್ಟೆಯಲ್ಲಿ ಆವಿಯಾಗುವುದು, ಶಿವ ಅಣೆಕಟ್ಟಿನವರೆಗೆ ಹೊಳೆಯಲ್ಲಿ ಇಂಗುವುದು ಬೇರೆ. ಮೈಸೂರು, ಮಂಡ್ಯ ಮತ್ತು ದಡದ ಊರುಗಳದ್ದೂ ಬೇರೆ ಸಾಲು.

ಎರಡನೇ ಸಾಲು ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ 2.5 ಟಿಎಂಸಿಯಂತೆ ಗಡಿ ದಾಟಬೇಕಾದ ಹತ್ತು ಟಿಎಂಸಿ. ಇವೆರಡನ್ನೂ ಎತ್ತಿಟ್ಟ ಮೇಲೆ ಉಳಿದದ್ದು ನಾಲೆಯ ಪಾಲು. ನೀರಾವರಿ ಸಲಹಾ ಸಮಿತಿಯ ಮುಂದೆ ನಾನಿಡುವುದು ಆ ಸಂಖ್ಯೆಯನ್ನು ಮಾತ್ರ, ಕಟ್ಟೆಯ ಮಟ್ಟವನ್ನಲ್ಲ. ನಾಲೆಗೆ 2,500 ಕ್ಯೂಸೆಕ್ (ಸೆಕೆಂಡಿಗೆ 2,500 ಘನ ಅಡಿ) ಹದಿನೈದು ದಿನ ಬಿಟ್ಟರೆ 3.24 ಟಿಎಂಸಿ; ಅದು ಒಂದು ಕಟ್ಟು. ಹೀಗೆ ಎಷ್ಟು ಕಟ್ಟು ನೀರು ಸಿಗುತ್ತದೆ ಎಂದು ಎಣಿಸಿದರೆ ಭತ್ತವೋ ರಾಗಿಯೋ ತಾನೇ ತಿಳಿಯುತ್ತದೆ. ಇದನ್ನು ಒಟ್ಲು (ಸಸಿ ಮಡಿ) ಹಾಕುವ ಮೊದಲೇ ಹೇಳಬೇಕು. ನಾಟಿಯಾದ ಮೇಲೆ ಹೇಳಿದರೆ ಬೈಗುಳವಷ್ಟೇ ಗಿಟ್ಟುತ್ತದೆ.

ಹಾಳೆಯ ಒಂದೊಂದು ಸಾಲು ಹತ್ತು ದಿನದ್ದು. ತಿಂಗಳ ಸರಾಸರಿ ಮೋಸ ಮಾಡುತ್ತದೆ. ಆಶ್ಲೇಷ ಮಳೆ ಕೊಡಗಿನಲ್ಲಿ ಹೊಡೆದರೆ ಹತ್ತೇ ದಿನದಲ್ಲಿ ತಿಂಗಳ ಒಳಹರಿವು ಬಂದುಬಿಡುತ್ತದೆ. ಒಂದೇ ವರ್ಷಕ್ಕೆ ಮೂರು ಹಾಳೆ ಇಟ್ಟುಕೊಳ್ಳುತ್ತೇನೆ: ಸಾಧಾರಣ, 2018ರಂಥ ನೆರೆ, 2023ರಂಥ ಬರ.

ಹೆಚ್ಚು ತಪ್ಪು ನುಸುಳುವುದು ಒಳಹರಿವಿನ ಅಂಕಿಯಲ್ಲಿ. ಅದನ್ನು ಯಾರೂ ನೇರ ಅಳೆಯುವುದಿಲ್ಲ. ಮಟ್ಟದ ಏರಿಳಿತದಿಂದ ಸಂಗ್ರಹದ ವ್ಯತ್ಯಾಸ ತೆಗೆದು, ಹೊರಹರಿವು ಮತ್ತು ಆವಿಯಾದದ್ದನ್ನು ಕೂಡಿಸುತ್ತೇವೆ. ಕೆಆರ್‌ಎಸ್ 124.80 ಅಡಿಯ ಹತ್ತಿರ ಇರುವಾಗ ಒಂದಡಿಗೆ ಸುಮಾರು ಒಂದೂವರೆ ಟಿಎಂಸಿ, 80 ಅಡಿಯ ಆಸುಪಾಸಿನಲ್ಲಿ ಅರ್ಧ. ತುಂಬಿದ ಕಟ್ಟೆಯಲ್ಲಿ ಗಾಳಿಗೆ ಅಲೆಯೆದ್ದು ಮಾಪಕದಲ್ಲಿ 0.1 ಅಡಿ ತಪ್ಪು ಓದಿದರೂ ದಿನದ ಒಳಹರಿವು 1,700 ಕ್ಯೂಸೆಕ್ ಆಚೀಚೆ. ಒಂದು ದಿನ ‘ಒಳಹರಿವು ಕುಸಿತ’, ಮರುದಿನ ‘ದಿಢೀರ್ ಏರಿಕೆ’ ಎಂಬ ಸುದ್ದಿಗಳಲ್ಲಿ ಕೆಲವು ಈ ಅಲೆಯವೇ. ಮೂರು ದಿನದ ಸರಾಸರಿ ಇಲ್ಲದೆ ನಾನು ಗೇಟಿನ ನಿರ್ಧಾರ ಮಾಡುವುದಿಲ್ಲ.

ಮಳೆಗಾಲದಲ್ಲಿ ಬಿಳಿಗುಂಡ್ಲುವಿನ ಬಾಕಿಯನ್ನು ಆದಷ್ಟು ಕಬಿನಿಯಿಂದ ತೀರಿಸಬೇಕು. ವಯನಾಡಿನ ಮಳೆಗೆ ಅದು ಬೇಗ ತುಂಬುತ್ತದೆ, ತುಂಬಿದ ಮೇಲೆ ಬಂದದ್ದೆಲ್ಲ ಹೇಗೂ ಹೊರಗೆ. ಆ ದಿನಗಳಲ್ಲಿ ಕೆಆರ್‌ಎಸ್ ಏರಲಿ. ಆದರೆ ಕೇರಳದ ಬಾಣಾಸುರ ಸಾಗರದ ಶಟರ್ ಎತ್ತಿದರೆ ಆ ನೀರೂ ಕಬಿನಿಗೇ. ಆದ್ದರಿಂದ ಕಬಿನಿಯನ್ನು ಜುಲೈನಲ್ಲಿ 2,284 ಅಡಿಗೆ ಅಂಚು ಮುಟ್ಟಿಸಿ ನಿಲ್ಲಿಸುವುದಿಲ್ಲ. ಬಾಣಾಸುರದ ಮಟ್ಟ ದಿನಾ ಕೇಳಿಕೊಳ್ಳಬೇಕು.

ಗಡಿಯ ಲೆಕ್ಕ ನಮ್ಮ ಗೇಟಿನಲ್ಲಿ ಆಗುವುದಿಲ್ಲ. ಕೇಂದ್ರ ಜಲ ಆಯೋಗ ಅಳೆಯುವುದು ಬಿಳಿಗುಂಡ್ಲುವಿನಲ್ಲಿ, ಕೆಆರ್‌ಎಸ್‌ನಿಂದ ನೀರು ಅಲ್ಲಿಗೆ ಹೋಗಲು ಎರಡು ಮೂರು ದಿನ ಬೇಕು. ಆಗಸ್ಟ್ 30ಕ್ಕೆ ಬಿಟ್ಟದ್ದು ಸೆಪ್ಟೆಂಬರ್ ಖಾತೆಗೆ ಬೀಳುತ್ತದೆ. ತಿಂಗಳ ಕೊನೆಯ ಕೊರತೆ ತುಂಬಲು 27ರೊಳಗೇ ಗೇಟ್ ಎತ್ತಿರಬೇಕು. ನಡುವೆ ಶಿಂಷಾ, ಅರ್ಕಾವತಿ ಸೇರುತ್ತವೆ. ಅಲ್ಲಿ ಮಳೆಯಾದರೆ ಕಟ್ಟೆಯ ನೀರು ಉಳಿಯುತ್ತದೆ. (ಬೆಂಗಳೂರು ಬಳಸಿ ಬಿಟ್ಟ ನೀರಿನ ಒಂದು ಪಾಲು ವೃಷಭಾವತಿ, ಅರ್ಕಾವತಿ ಹಿಡಿದು ಸಂಗಮದಲ್ಲಿ ಮತ್ತೆ ಕಾವೇರಿಗೇ ಸೇರುತ್ತದೆ. ಬಿಳಿಗುಂಡ್ಲುವಿನ ಮಾಪಕ ಅದನ್ನೂ ಎಣಿಸುತ್ತದೆ.)

ಬರದ ವರ್ಷದಲ್ಲಿ ನಾಲ್ಕು ಜಲಾಶಯಗಳ ಒಳಹರಿವನ್ನು 30 ವರ್ಷದ ಸರಾಸರಿಗೆ ಹೋಲಿಸಿ ಕೊರತೆಯ ಶೇಕಡಾವಾರು ಹಿಡಿದು ಕಾವೇರಿ ನೀರು ನಿಯಂತ್ರಣ ಸಮಿತಿಯಲ್ಲಿ ವಾದ ನಡೆಯುತ್ತದೆ. ಆದೇಶ ಕ್ಯೂಸೆಕ್‌ನಲ್ಲಿ ಬಂದರೆ ಕೂಡಲೇ ಟಿಎಂಸಿಗೆ ತಿರುಗಿಸಿಕೊಳ್ಳಬೇಕು: 11,574 ಕ್ಯೂಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ. 2023ರ ಆಗಸ್ಟ್ ಕೊನೆಯ ‘15 ದಿನ 5,000 ಕ್ಯೂಸೆಕ್’ ಎಂದರೆ 6.48 ಟಿಎಂಸಿ, ಅಂದರೆ ಮೇಲೆ ಹೇಳಿದ ಎರಡು ಕಟ್ಟು ನಾಲೆ ನೀರು.

ಬೇಸಿಗೆಯ 2.5 ಟಿಎಂಸಿ ಹಾಳೆಯಲ್ಲಿ ಚಿಕ್ಕದು, ಹೊಳೆಯಲ್ಲಿ ಅಲ್ಲ. ಫೆಬ್ರವರಿಯಲ್ಲಿ ಸರಾಸರಿ 1,033 ಕ್ಯೂಸೆಕ್ ಬಿಳಿಗುಂಡ್ಲು ಮುಟ್ಟಬೇಕು. ಒಣಗಿದ ಮರಳು ಮೊದಲು ತಾನು ಕುಡಿಯುತ್ತದೆ, ಆಮೇಲೆ ದಡದ ಪಂಪ್‌ಸೆಟ್‌ಗಳು. ಗೇಟನ್ನು ದಿನಾ ಏರಿಸಿ ಇಳಿಸಿದರೆ ಮರಳು ಮತ್ತೆ ಮತ್ತೆ ಒಣಗಿ ನಷ್ಟ ಹೆಚ್ಚುತ್ತದೆ. ಅದಕ್ಕೇ ಫೆಬ್ರವರಿ ನಂತರ ಸಣ್ಣ ಧಾರೆಯನ್ನೇ ಬಿಡದೆ ಹರಿಸಿ, ಬಿಳಿಗುಂಡ್ಲುವಿನ ಓದು ನೋಡಿಕೊಂಡು ವಾರಕ್ಕೊಮ್ಮೆ ಮಾತ್ರ ಬದಲಿಸುತ್ತೇನೆ.